ಓದಿ ಹೇಳದ ಕಾಗದ

ಪೊಲೀಸಿನವನು ಬಂದು ಕೇಳಿದ ದಿನ ಸಂಪಿಗೆಕೊಪ್ಪದಲ್ಲಿ ಊರಿಗೆ ಊರೇ ಸುಳ್ಳು ಹೇಳಿತು. ಒಬ್ಬರೂ ತಡವರಿಸಲಿಲ್ಲ.

ಆ ಊರಿನ ಹುಡುಗಿ, ಸಾಗರದ ಕೋರ್ಟಿನಲ್ಲಿ ವಕೀಲಿ ಮಾಡುವ ಸುಪ್ರಿಯಾ, ಜಿಲ್ಲಾ ನ್ಯಾಯಾಧೀಶರ ಹುದ್ದೆಯ ಹೊಸ್ತಿಲಲ್ಲಿದ್ದಳು. ಪರೀಕ್ಷೆ ಮುಗಿದಿತ್ತು, ಬೆಂಗಳೂರಿನ ಸಂದರ್ಶನವೂ ಮುಗಿದಿತ್ತು. ಉಳಿದದ್ದು ಹುಟ್ಟೂರಿನಲ್ಲಿ ನಡತೆ ವಿಚಾರಿಸುವ ಶಾಸ್ತ್ರ. ಅದಕ್ಕೆಂದೇ ಕಾನ್‌ಸ್ಟೆಬಲ್ ಉಮೇಶ್ ಬೈಕು ಹತ್ತಿ ಬಂದಿದ್ದ. ಶಾಲೆಯ ಕಟ್ಟೆಯ ಮೇಲೆ ಕೂತು, ಊರಿನ ಅರಣ್ಯ ಹಕ್ಕು ಸಮಿತಿಯ ಅಧ್ಯಕ್ಷ ಹುಲಿಯಪ್ಪನನ್ನು ಕರೆಸಿದ. ಹುಲಿಯಪ್ಪನ ಹಿಂದೆ ಅರ್ಧ ಊರು ಬಂತು.

"ಹುಡುಗಿ ಹೆಂಗೆ?"

"ಹೆಂಗೆ ಅಂದ್ರೆ ಎಂಥ ಮಾರಾಯ? ಬಂಗಾರ."

"ಬಂಗಾರ ಅಂತ ಬರ್ಕೊಂಡು ಹೋದ್ರೆ ನಮ್ಮ ಸಾಹೇಬ್ರು ನನ್ನ ತೂಕ ಹಾಕ್ತಾರೆ ಹುಲಿಯಪ್ಪಣ್ಣ. ಯಾವ್ದಾದ್ರೂ ಸಂಘಟನೇಲಿ ಇದ್ರಾ? ದುಡಿವವರ ವಕೀಲರ ಬಳಗ ಅಂತ ಒಂದಿತ್ತಂತಲ್ಲ. ಇಲ್ಲಿಗೆಲ್ಲ ಬರ್ತಿದ್ರಂತೆ."

"ಬಳಗನಾ? ಹೆಣ್ಣು ಕೊಟ್ಟ ಬಳಗನೇ ನಮ್ಮೂರಿಗೆ ಬರಲ್ಲ. ರಸ್ತೆ ನೋಡಿ ರಿಪ್ಪನ್‌ಪೇಟೆಯಿಂದನೇ ವಾಪಸ್ ಹೋಗ್ತಾರೆ."

"ಈ ಕಟ್ಟೆ ಮೇಲೆ ಸಭೆ ಆಗಿತ್ತು ಅಂತ ಯಾರೋ ಹೇಳಿದ್ರು."

"ಆಗ್ತದೆ, ಇಲ್ಲ ಅನ್ನಲ್ಲ. ಬೆಳಿಗ್ಗೆ ದನದ್ದು, ಸಂಜೆ ನಾಯೀದು."

ನಗು ಎದ್ದಿತು. ಉಮೇಶನೂ ನಕ್ಕ. ನಗದವಳು ಒಬ್ಬಳೇ, ಸುಪ್ರಿಯಾಳ ಸೋದರತ್ತೆ ಗುತ್ಯಮ್ಮ. ತಾಯಿ ಸತ್ತ ಮೇಲೆ ಆ ಕೂಸನ್ನು ಸಾಕಿದವಳು ಅವಳೇ. ಮುಂದೆ ಬಂದು, ಸೊಂಟದ ಮೇಲೆ ಕೈಯಿಟ್ಟು ಹೇಳಿದಳು: "ಬರ್ಕೊ ತಮ್ಮಾ. ಯಾವ ವಕೀಲ್ರೂ ಬಂದಿಲ್ಲ, ಯಾವ ಸಭೇನೂ ಆಗಿಲ್ಲ. ನಮ್ಮ ಸುಪ್ರಿಗೆ ಓದು ಬಿಟ್ರೆ ಬೇರೆ ಗೊತ್ತಿಲ್ಲ."

ಉಮೇಶ್ ಬರೆದ. ಬರೆದು, "ಓದ್ಲಾ?" ಎಂದ.

"ಎಂತಕ್ಕೆ ಓದದು? ಇತ್ಲಾಗೆ ಕೊಡು," ಎಂದಳು ಗುತ್ಯಮ್ಮ. ಅವಳು ಹೆಬ್ಬೆಟ್ಟು ಒತ್ತಿದಳು, ಹುಲಿಯಪ್ಪ ಸಹಿ ಹಾಕಿದ, ಉಳಿದವರು ಸಾಲಾಗಿ ನಿಂತರು. ಎಲ್ಲರ ಮುಖದಲ್ಲೂ ಮನೆಮಗಳ ಮದುವೆಗೆ ಒಂದು ಕೈ ಹಚ್ಚಿದ ಖುಷಿ.

ಊರಿನ ಆ ಖುಷಿಯೇ ಊರನ್ನು ತಿಂದಿತು. ಹೇಗೆಂದು ಹೇಳಬೇಕಾದರೆ ಅವರು ಇಲ್ಲವೆಂದ ಆ ಬಳಗದ ಮಾತು ಹೇಳಬೇಕು.

ಬಳಗ ಇತ್ತು. ರಿಪ್ಪನ್‌ಪೇಟೆಯಲ್ಲಿ ಒಂದು ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲೆ, ಮೈಲುತುತ್ತದ ವಾಸನೆಯ ನಡುವೆ, ಪ್ರತಿ ಶನಿವಾರ ಸೇರುತ್ತಿತ್ತು. ಅದಕ್ಕೆ ನೋಂದಣಿ ಇರಲಿಲ್ಲ, ಬೋರ್ಡು ಇರಲಿಲ್ಲ. ಕಟ್ಟಿದವರು ಮೇಳಿಗೆಯ ಮಂಜುನಾಥಪ್ಪ. ಗೇಣಿದಾರನ ಮಗನಾಗಿ ಹುಟ್ಟಿ, ಹೊಸನಗರ, ತೀರ್ಥಹಳ್ಳಿ ಕೋರ್ಟುಗಳಲ್ಲಿ ಕೂದಲು ಹಣ್ಣಾಗುವವರೆಗೆ ಬಡವರ ಪರ ನಿಂತ ಮನುಷ್ಯ. ಅವರ ಬಳಗಕ್ಕೆ ಇದ್ದದ್ದು ಒಂದೇ ಕಟ್ಟಳೆ: ಓದಿ ಹೇಳದ ಕಾಗದಕ್ಕೆ ಸಹಿ ಇಲ್ಲ. ವಕೀಲ ಕಾಗದವನ್ನು ಊರಿನವರ ಮುಂದೆ ಗಟ್ಟಿಯಾಗಿ ಓದಬೇಕು. ಕೇಳಿದವರಲ್ಲಿ ಒಬ್ಬರು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಹೇಳಿದ್ದು ಹೊಂದಿದರೆ ವಕೀಲ "ಸರಿ" ಅನ್ನಬೇಕು. ಆಮೇಲೆ ಹೆಬ್ಬೆಟ್ಟು. "ನಮ್ಮ ಅಪ್ಪ-ಅಜ್ಜಂದಿರ ಭೂಮಿ ಹೋಗಿದ್ದು ಕತ್ತಿಯಿಂದ ಅಲ್ಲ, ಓದದೆ ಒತ್ತಿದ ಹೆಬ್ಬೆಟ್ಟಿನಿಂದ," ಎನ್ನುತ್ತಿದ್ದರು ಮಂಜುನಾಥಪ್ಪ.

ಸುಪ್ರಿಯಾ ಕಪ್ಪು ಕೋಟು ಹೊಸದಾಗಿ ತೊಟ್ಟ ವರ್ಷವೇ ಆ ಮಾಳಿಗೆ ಹತ್ತಿದ್ದಳು. ಅವಳನ್ನು ಬಳಗಕ್ಕೆ ಸೇರಿಸಿಕೊಂಡದ್ದು ಸಂಪಿಗೆಕೊಪ್ಪದ ಈ ಕಟ್ಟೆಯ ಮೇಲೆಯೇ. ಗುತ್ಯಮ್ಮನ ಗದ್ದೆ, ಹುಲಿಯಪ್ಪನ ಗದ್ದೆ, ಆ ಊರಿನ ಒಂದೊಂದು ಮನೆಯ ಬುಡವೂ ಸರ್ಕಾರದ ನಕ್ಷೆಯಲ್ಲಿ ಬರೀ ಕಾಡು. ತಲೆಮಾರುಗಳಿಂದ ಇಲ್ಲೇ ಇದ್ದೇವೆಂದು ತೋರಿಸಿದರೆ ಹಕ್ಕುಪತ್ರ, ಇಲ್ಲದಿದ್ದರೆ ಒತ್ತುವರಿ. ತೋರಿಸಲು ಕಾಗದ ಯಾರ ಹತ್ತಿರ ಇತ್ತು? ಕಾನೂನು ಒಂದು ಕಿಂಡಿ ಬಿಟ್ಟಿತ್ತು. ಅರ್ಜಿ ಹಾಕದ ಹಿರಿಯರು ಸಭೆಯಲ್ಲಿ ಹೇಳಿದ್ದನ್ನು ಬರೆದುಕೊಂಡರೆ ಅದೂ ಸಾಕ್ಷಿ. ಪಕ್ಕದ ಊರಿನ ಮುದುಕಿ ದುಗ್ಗಮ್ಮನನ್ನು ಕಂಬಳಿಯಲ್ಲಿ ಕೂರಿಸಿ ಹೊತ್ತು ತಂದರು. ಸುಪ್ರಿಯಾ ಬರೆದಳು, ಮಂಜುನಾಥಪ್ಪ ಪಕ್ಕದಲ್ಲಿ ಕೂತಿದ್ದರು. ಬಳಗದಿಂದ ಬಂದವರು ಅವರಿಬ್ಬರೇ.

"ನಂಗೆ ಹಾಲು ಹಲ್ಲು ಬೀಳ್ತಿದ್ದ ಕಾಲ," ಎಂದಿದ್ದಳು ದುಗ್ಗಮ್ಮ. "ಅವ್ವನ ಜೊತೆ ಇಲ್ಲಿಗೆ ಸಸಿ ನೆಡೋಕೆ ಬಂದಿದ್ದೆ. ಇದೇ ಗುತ್ಯಮ್ಮನ ಅಜ್ಜ ಕುಡಿಯೋಕೆ ಮಜ್ಜಿಗೆ ಕೊಟ್ಟಿದ್ದ. ಉಪ್ಪೇ ಹಾಕಿರ್ಲಿಲ್ಲ. ಜಿಪುಣ."

ಊರು ಬಿದ್ದು ಬಿದ್ದು ನಕ್ಕಿತ್ತು. ಸುಪ್ರಿಯಾ ಅದನ್ನೂ ಬರೆದಿದ್ದಳು. ಓದಿ ಹೇಳಿದ್ದಳು. ದುಗ್ಗಮ್ಮ ತಿರುಗಿ ಹೇಳುವಾಗ ಉಪ್ಪಿನ ಮಾತನ್ನು ಇನ್ನಷ್ಟು ಉದ್ದ ಮಾಡಿದ್ದಳು. "ಸರಿ" ಎಂದಿದ್ದಳು ಸುಪ್ರಿಯಾ. ಅದು ಅವಳ ಮೊದಲ "ಸರಿ." ಆ ಮಾತಿನಿಂದಲೇ ಅವಳು ಬಳಗದವಳಾದಳು. ದುಗ್ಗಮ್ಮ ಈಗಿಲ್ಲ. ತಿರಸ್ಕಾರವಾಗಿ, ಮತ್ತೆ ಮರುವಿಚಾರಣೆಗೆ ಬಂದ ಆ ಊರಿನ ಅರ್ಜಿಗಳಿಗೆ ಉಳಿದಿದ್ದ ಒಂದೇ ಆಧಾರ ಆ ಸಭೆ, ಆ ಮಜ್ಜಿಗೆ.

ಆ ಸಭೆಯನ್ನೇ ಊರು ಇಲ್ಲವೆಂದು ಸಹಿ ಹಾಕಿ ಕೊಟ್ಟಿತ್ತು. ಓದಿಸದೆ.

*

ಸಂದರ್ಶನಕ್ಕೆ ಹೋಗುವ ಮುಂಚೆ ಸುಪ್ರಿಯಾ ಮೇಳಿಗೆಗೆ ಹೋಗಿದ್ದಳು. ಮಂಜುನಾಥಪ್ಪ ದಮ್ಮಿನಿಂದ ಎದ್ದು ಕೂರಲಾರದೆ, ದಿಂಬಿಗೆ ಒರಗಿದ್ದರು.

"ಸರ್, ಯಾವ ಸಂಘಟನೆ ಅಂತ ಕೇಳಿದ್ರೆ ಏನು ಹೇಳ್ಲಿ?"

"ಬಳಗ ಅಂತ ಹೇಳು. ಕೇಳದೆ ಇದ್ರೂ ಹೇಳು."

"ಹೇಳಿದ್ರೆ ಅಲ್ಲಿಗೇ ಮುಗೀತು. ಆ ಧರ್ಮನ್ಯಾಯ ವೇದಿಕೆ ವಕೀಲರು ತಮ್ಮ ಹೆಸರು ಹೇಳಿದ್ರೆ ಕುರ್ಚಿ ಹಾಕ್ತಾರೆ. ನಮ್ಮ ಹೆಸರು ಹೇಳಿದ್ರೆ ಇವಳು ಚಳವಳಿಯವಳು ಅಂತಾರೆ. ನಮ್ಮಂತೋರು ಒಳಗೆ ಹೋಗೋದಾದ್ರೂ ಹೆಂಗೆ ಸರ್? ಬಾಯಿ ಮುಚ್ಕೊಂಡಾದ್ರೂ ಒಬ್ಬಳು ಒಳಗೆ ಹೋಗ್ಲಿ."

ಮಂಜುನಾಥಪ್ಪ ಉಸಿರು ಸೇರಿಸಿಕೊಂಡು ಹೇಳಿದರು. "ಕಟಕಟೆ ಹತ್ತಿದೋನಿಗೆ ಅಪ್ಪನ ಹೆಸರು ಕೇಳ್ತೀವಿ, ಜಾತಿ ಕೇಳ್ತೀವಿ, ಕಸುಬು ಕೇಳ್ತೀವಿ. ಅವನು ಎಲ್ಲ ಬಿಚ್ಚಿ ನಿಲ್ತಾನೆ. ಮೇಲೆ ಕೂತು ಅವನ ಹಣೆಬರಹ ಬರೆಯೋರು ತಾವು ಯಾರ ಜೊತೆ ಉಂಡ್ವಿ ಅಂತ ಒಂದು ಮಾತು ಹೇಳೋದು ಬೇಡ್ವಾ? ಅವರು ಮುಚ್ಚಿಡ್ತಾರೆ ಅಂತ ತಾನೆ ನಾವು ಬೈತಿದ್ದಿದ್ದು? ನಾವೂ ಮುಚ್ಚಿಟ್ರೆ ಬೈಯೋಕೆ ಬಾಯಿ ಎಲ್ಲಿರ್ತದೆ?"

ಅವಳು ತಲೆ ತಗ್ಗಿಸಿದಳು. ಅದನ್ನು ನೋಡಿದ ಮುದುಕನ ದನಿ ಇಳಿಯಿತು. "ಹೋಗ್ಲಿ ಬಿಡು ಮಗಾ. ಹೋಗೋಳು ನೀನು. ನೋಡ್ಕೊಂಡು ಹೇಳು."

ಸಾಗರದ ವಕೀಲರ ಕೋಣೆಯಲ್ಲಿ ಸಿಕ್ಕ ಬುದ್ಧಿಮಾತು ಬೇರೆ. ಗಜಾನನ ಹೆಗಡೆ ಅವಳಿಗಿಂತ ಹಿರಿಯ ವಕೀಲ, ಹೆಗ್ಗೋಡಿನ ಕಡೆಯವರು, ಸಜ್ಜನ. ಅವರ ಅಕ್ಕನ ಮಗ ಪ್ರಜ್ವಲ್ ಕೂಡ ಅದೇ ಹುದ್ದೆಯ ಸಂದರ್ಶನಕ್ಕೆ ಹೊರಟಿದ್ದ. ಮಾವ, ಅಳಿಯ ಇಬ್ಬರೂ ಧರ್ಮನ್ಯಾಯ ವೇದಿಕೆಯವರು. ಅದು ಕಲ್ಯಾಣ ಮಂಟಪದಲ್ಲಿ ಸೇರುವ, ಮಂತ್ರಿಗಳು ದೀಪ ಹಚ್ಚುವ ವಕೀಲರ ಸಂಘಟನೆ. ಸುಪ್ರಿಯಾ ಒಳಗೆ ಹೋದಾಗ ಗಜಾನನ ಫೋನಿನಲ್ಲಿ ಅಳಿಯನಿಗೆ ಏನೂ ಹೇಳಬೇಡವೆನ್ನುತ್ತಿದ್ದರು. "ಎಂತದೂ ಹೇಳಡ ಮಾಣಿ. ಕೇಳಿದ್ರೆ ವಕೀಲರ ಸಂಘ ಹೇಳಿ ಹೇಳು, ಸಾಕು." ಫೋನು ಇಟ್ಟು ಅವಳತ್ತ ನಕ್ಕರು.

"ನಿಮಗೂ ಅದೇ ಹೇಳ್ತೆ ಮೇಡಂ. ವಕೀಲರ ಸಂಘದಲ್ಲಿ ಎಲ್ಲರೂ ಇದ್ದಾರೆ. ಅದು ಸುಳ್ಳಲ್ಲ. ಉಳಿದದ್ದು ನಮ್ಮ ನಮ್ಮ ಮನೆ ದೇವರು ಇದ್ದ ಹಾಗೆ. ಬೀದಿಗೆ ತರಬಾರದು."

"ನಿಮ್ಮ ದೇವರು ಮೆರವಣಿಗೇಲಿ ಹೋಗ್ತಾನೆ ಗಜಾನನಣ್ಣ. ಬೀದಿಗೆ ತರೋದು ಬೇಡ ಅಂತಿರೋದು ನಮ್ಮ ದೇವರನ್ನ ಮಾತ್ರ."

"ಇರ್ಲಿ, ಇಬ್ಬರಿಗೂ ಒಂದೇ ಉತ್ತರ. ಜಗಳನೇ ಇಲ್ಲ," ಎಂದು ಅವರು ಚಹಾ ಹೇಳಿದರು. ಅವಳು ಕುಡಿದಳು.

ಸಂದರ್ಶನದಲ್ಲಿ ಕೇಳಿಯೇ ಕೇಳಿದರು. "ಸಾಗರ ವಕೀಲರ ಸಂಘ," ಎಂದಳು ಸುಪ್ರಿಯಾ. ಮೇಜಿನ ಆಚೆ ಕೂತವರು ಮುಗುಳ್ನಕ್ಕು ಮುಂದಿನ ಪ್ರಶ್ನೆಗೆ ಹೋದರು. ಆಮೇಲೆ ಉಮೇಶ್ ಸಾಗರದ ಅವಳ ಆಫೀಸಿಗೆ ಬಂದು ಕೇಳಿದಾಗ ಅದೇ ಮಾತನ್ನು, ಬೇರೆ ಯಾವುದೂ ಇಲ್ಲವೆಂದು ಸೇರಿಸಿ, ಸಹಿ ಹಾಕಿ ಕೊಟ್ಟಳು. ಅವನು ಊರಿಗೆ ಹೊರಟಿದ್ದಾನೆಂದು ತಿಳಿದು ಗುತ್ಯಮ್ಮನಿಗೆ ಫೋನು ಮಾಡಿದಳು. "ಅತ್ತೆ, ಬಳಗದ ಮಾತು ಯಾರ ಹತ್ರಾನೂ ಬೇಡ."

"ಬೇಡ ಅಂದ್ರೆ ಬೇಡ ಬಿಡು," ಎಂದಿದ್ದಳು ಅತ್ತೆ.

ಬಳಗದ ಮಾತು ಬೇಡ ಎಂದಿದ್ದಳು, ಅಷ್ಟೇ. ಆದರೆ ಸಂಪಿಗೆಕೊಪ್ಪದವರಿಗೆ ಪ್ರೀತಿಯನ್ನು ಅಳೆದು ಕೊಡುವುದು ತಿಳಿಯದು. ಬೇಲಿ ಮುಚ್ಚು ಎಂದರೆ ಗದ್ದೆಯನ್ನೇ ಮುಚ್ಚಿದರು.

ಅದೇ ತಿಂಗಳು ಮಂಜುನಾಥಪ್ಪ ತೀರಿಕೊಂಡರು. ತೀರ್ಥಹಳ್ಳಿಯ ಕೋರ್ಟಿನಲ್ಲಿ ಸಂತಾಪ ಸಭೆ. ಎಲ್ಲರೂ ಎದ್ದು ನಿಂತು ಮೌನ ಆಚರಿಸಿದರು. ನಂತರ ಯಾರೋ, "ಅವರ ಬಳಗದವರು ಯಾರಾದ್ರೂ ಇದ್ರೆ ಎರಡು ಮಾತಾಡ್ಲಿ," ಎಂದರು. ಹಿಂದಿನ ಬೆಂಚಿನಲ್ಲಿ ಸುಪ್ರಿಯಾ ಕೋಟಿನ ಗುಂಡಿ ತಿರುವುತ್ತ ಕೂತಿದ್ದಳು. ಯಾರೂ ಏಳಲಿಲ್ಲ. "ಯಾರೂ ಇಲ್ಲ ಅಂತ ಕಾಣ್ತದೆ," ಎಂದು ಸಭೆ ಮುಗಿಸಿದರು. ಬದುಕಿಡೀ ಜನ ಕಟ್ಟಿದ ಮನುಷ್ಯ ಜನವಿಲ್ಲದವನಾಗಿ ಆ ಕೋರ್ಟಿನಿಂದ ಹೊರಬಿದ್ದ.

*

ಅರಣ್ಯ ಹಕ್ಕಿನ ಅರ್ಜಿಗಳ ಮರುವಿಚಾರಣೆ ಸಾಗರದಲ್ಲಿ ನಡೆಯಿತು. ಸಂಪಿಗೆಕೊಪ್ಪದವರು ಬೆಳಗಿನ ಬಸ್ಸಿಗೇ ಬಂದು ವರಾಂಡದಲ್ಲಿ ಕೂತಿದ್ದರು. ಸುಪ್ರಿಯಾ ತನ್ನ ಕೇಸುಗಳನ್ನು ಮುಂದೂಡಿಸಿ ಬಂದು ಬಾಗಿಲ ಹತ್ತಿರ ನಿಂತಳು. ಗುತ್ಯಮ್ಮ ಅವಳನ್ನು ಕಂಡರೂ ಕಾಣದವಳಂತೆ ಮುಖ ತಿರುಗಿಸಿದಳು. ಗುರುತು ಹೇಳಿದರೆ ಎಲ್ಲಿ ಮಗುವಿಗೆ ತೊಂದರೆಯೋ ಎಂದು.

ದುಗ್ಗಮ್ಮನ ಹೇಳಿಕೆ ಓದಿದ್ದಾಯಿತು. ವಿಚಾರಣೆ ನಡೆಸುತ್ತಿದ್ದ ಉಪವಿಭಾಗ ಸಮಿತಿಯ ಅಧ್ಯಕ್ಷರು ಉಪ್ಪಿಲ್ಲದ ಮಜ್ಜಿಗೆಗೆ ತುಸು ನಕ್ಕರು. ಆಗ ಅರಣ್ಯದ ಅಧಿಕಾರಿ ರಾಜೇಂದ್ರ ಎದ್ದ.

"ತಪ್ಪು ತಿಳೀಬೇಡಿ ಸರ್. ಈ ಊರಿನ ಒಬ್ಬ ವಕೀಲರ ನಡತೆ ವಿಚಾರಣೆಗೆ ಅಂತ ಪೊಲೀಸಿನವರು ಮಾಡಿದ ವರದಿ ಇದು. ಇವರ ಸಂಬಂಧಿಕರ ಮೇಲೆ ಅರಣ್ಯದ ಕೇಸು ಇದೆಯಾ ಅಂತ ನಮಗೂ ಕಳಿಸಿದ್ರು. ಇದ್ರಲ್ಲಿ ಊರಿನವರೇ ಹೇಳಿದ್ದಾರೆ, ಸದರಿ ಗ್ರಾಮಕ್ಕೆ ಯಾವ ವಕೀಲರೂ ಬಂದಿಲ್ಲ, ಯಾವ ಸಭೆಯೂ ನಡೆದಿಲ್ಲ, ಯಾವ ಹೇಳಿಕೆಯೂ ಬರೆದುಕೊಂಡಿಲ್ಲ. ಹಾಗಾದ್ರೆ ಈ ಅಜ್ಜಿ ಮಜ್ಜಿಗೆ ಕುಡಿದದ್ದನ್ನ ಯಾವ ಸಭೇಲಿ ಹೇಳಿದ್ರು?"

ಅಧ್ಯಕ್ಷರು ಕಾಗದ ತಿರುಗಿಸಿ ನೋಡಿ ಹುಲಿಯಪ್ಪನನ್ನು ಮುಂದೆ ಕರೆದರು.

"ಈ ಸಹಿ ನಿಮ್ಮದಾ?"

"ನಮ್ದೇ ಸ್ವಾಮಿ."

"ಓದಿ ಹೇಳಿದ ಮೇಲೆ ಹಾಕಿದ್ದಾ?"

ಇಲ್ಲ ಎಂಬ ಒಂದು ಮಾತು ಸಾಕಾಗಿತ್ತು. ಆದರೆ ಇಲ್ಲ ಎಂದರೆ ಮುಂದಿನ ಪ್ರಶ್ನೆ ಬರುತ್ತದೆ, ಯಾಕೆ ಓದಿಸಲಿಲ್ಲ ಎಂದು. ಅದರ ಮುಂದಿನದು, ಯಾರಿಗಾಗಿ ಎಂದು. ಹುಲಿಯಪ್ಪ ಬಾಗಿಲ ಕಡೆ ಒಮ್ಮೆ ನೋಡಿದ. ಕೂಡಲೇ ಕಣ್ಣು ಕಿತ್ತುಕೊಂಡ.

"ಓದಿ ಹೇಳಿದ್ರು ಸ್ವಾಮಿ. ನಮ್ಮೂರಲ್ಲಿ ಓದಿ ಹೇಳದ ಕಾಗದಕ್ಕೆ ಸಹಿ ಹಾಕಲ್ಲ."

"ಹಾಗಾದ್ರೆ ಸಭೆ ಆಗಿರಲಿಲ್ಲ."

ಹುಲಿಯಪ್ಪ ಗುತ್ಯಮ್ಮನ ಕಡೆ ತಿರುಗಿದ. ಗುತ್ಯಮ್ಮ ಕೂತಲ್ಲಿಂದಲೇ ಹೇಳಿದಳು, "ಆಗಿರ್ಲಿಲ್ಲ ಸ್ವಾಮಿ."

ಗದ್ದೆಯನ್ನು, ಮನೆಯನ್ನು, ಅಜ್ಜನ ಮಜ್ಜಿಗೆಯನ್ನು ಎತ್ತಿ ಸೋದರಸೊಸೆಯ ಕುರ್ಚಿಯ ಕಾಲಿಗೆ ಒಟ್ಟಿದಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಸಭೆ ಆಗಿತ್ತು ಸರ್."

ಎಲ್ಲರೂ ತಿರುಗಿದರು. ಸುಪ್ರಿಯಾ ಬಾಗಿಲು ಬಿಟ್ಟು ಮುಂದೆ ಬಂದಿದ್ದಳು. "ಆ ಹೇಳಿಕೆ ಬರೆದೋಳು ನಾನು. ಅಕ್ಷರ ನಂದು. ದುಡಿವವರ ವಕೀಲರ ಬಳಗದ ಸದಸ್ಯಳಾಗಿ ಆ ಊರಿಗೆ ಹೋಗಿದ್ದೆ. ಮಂಜುನಾಥಪ್ಪ ಸರ್ ಇದ್ರು. ಇವರು ನಂಗೋಸ್ಕರ ಸುಳ್ಳು ಹೇಳ್ತಿದ್ದಾರೆ."

"ಸುಪ್ರಿ, ಸುಮ್ನಿರೇ!" ಗುತ್ಯಮ್ಮ ಎದ್ದು ನಿಂತಳು.

ರಾಜೇಂದ್ರ ಅದೇ ವರದಿಯ ಇನ್ನೊಂದು ಹಾಳೆ ತೆಗೆದ. ಅವನ ದನಿಯಲ್ಲಿ ಗೆಲುವಿರಲಿಲ್ಲ, ಮುಜುಗರವಿತ್ತು. "ಮೇಡಂ, ಇಲ್ಲಿ ನಿಮ್ಮ ಹೇಳಿಕೆನೂ ಇದೆ. ಸಾಗರ ವಕೀಲರ ಸಂಘ ಬಿಟ್ರೆ ಬೇರೆ ಯಾವ ಸಂಘಟನೆಯ ಸದಸ್ಯಳೂ ಅಲ್ಲ ಅಂತ. ಸಹಿ ನಿಮ್ಮದೇ. ಅವತ್ತಿಂದು ಸುಳ್ಳೋ, ಇವತ್ತಿಂದೋ?"

"ಅವತ್ತಿಂದು."

ಅಧ್ಯಕ್ಷರು ಪೆನ್ನು ಕೆಳಗಿಟ್ಟರು. "ಹುದ್ದೆಗೋಸ್ಕರ ಒಂದು ಸಲ ಸುಳ್ಳು ಹೇಳಿದ್ದೆ ಅಂತ ನೀವೇ ಒಪ್ಕೊಂಡ್ರಿ. ಇವತ್ತು ಸೋದರತ್ತೆಯ ಗದ್ದೆ. ನಾಳೆ ಕುರ್ಚೀಲಿ ಕೂರೋರು ನೀವು. ಇಂಥ ಸಾಕ್ಷಿ ನಿಮ್ಮ ಮುಂದೆ ಬಂದು ನಿಂತ್ರೆ ಏನು ಮಾಡ್ತಿದ್ರಿ, ನೀವೇ ಹೇಳಿ."

ಅವಳಿಗೆ ಉತ್ತರ ಗೊತ್ತಿತ್ತು. ಅವಳೂ ನಂಬುತ್ತಿರಲಿಲ್ಲ.

ಮೆಟ್ಟಿಲಿಳಿಯುವಾಗ ಗುತ್ಯಮ್ಮ ಅವಳ ಕೋಟಿನ ತೋಳು ಹಿಡಿದು ಜಗ್ಗಿದಳು. "ಯಾಕೆ ಬಾಯಿ ಬಿಟ್ಟೆ? ಹ್ಞಾಂ? ನಾವು ಹೇಳಿ ಆಗಿತ್ತಲ್ಲ. ಗದ್ದೆ ಹೋದ್ರೆ ಹೋಗ್ತಿತ್ತು, ನೀನಾದ್ರೂ ಉಳೀತಿದ್ದೆ. ಈಗ ಎರಡೂ ಹೋಯ್ತಲ್ಲೇ, ಹಡಬೆ!" ಎಂದು ಬೆನ್ನಿಗೊಂದು ಗುದ್ದಿ, ಆ ಬೆನ್ನಿಗೇ ಹಣೆ ಹಚ್ಚಿ ಅತ್ತಳು.

ನೇಮಕದ ಪಟ್ಟಿ ಬಂದಾಗ ಅದರಲ್ಲಿ ಸುಪ್ರಿಯಾಳ ಹೆಸರಿರಲಿಲ್ಲ. ಮಾಹಿತಿ ಮುಚ್ಚಿಟ್ಟಿದ್ದಾರೆ ಎಂಬುದು ಕಾರಣ. ಪ್ರಜ್ವಲ್‌ನ ಹೆಸರಿತ್ತು. ಗಜಾನನ ಅವಳ ಆಫೀಸಿಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರು.

"ನಮ್ಮ ಮಾಣಿಯ ಊರಿಗೂ ಪೊಲೀಸು ಹೋಗಿತ್ತು ಮೇಡಂ."

"ವೇದಿಕೆ ವಿಷ್ಯ ಕೇಳಿದ್ರಾ?"

"ಕೇಳಿದ್ದಿಲ್ಲೆ," ಎಂದರು ಗಜಾನನ. ಕುರ್ಚಿಯಿಂದ ಏಳುತ್ತ ಸೇರಿಸಿದರು, "ಪೊಲೀಸಿನವರು ಚಹಾ ಕುಡಿದು ಹೋದ್ವಡ, ಅಷ್ಟೇ."

ಬಾಗಿಲಿದ್ದವರ ಮನೆಯ ಗುಟ್ಟು ಗೌರವ, ಬಾಗಿಲೇ ಇಲ್ಲದವರ ಗುಟ್ಟು ಅಪರಾಧ. ಅದು ಹೊಸ ಸಂಗತಿಯಲ್ಲ. ಆದರೆ ಅದನ್ನು ಕೂಗಿ ಹೇಳಬಹುದಾಗಿದ್ದ ಬಾಯಿಯನ್ನು ಸುಪ್ರಿಯಾ ಚಹಾ ಕುಡಿದ ದಿನವೇ ಕಳೆದುಕೊಂಡಿದ್ದಳು.

*

ಅರ್ಜಿ ತಿರಸ್ಕಾರದ ಆದೇಶ ಊರಿಗೆ ಬಂದ ದಿನ ಸಂಪಿಗೆಕೊಪ್ಪದವರು ಅದನ್ನು ಪಡೆದುಕೊಂಡೆವೆಂದು ಸಹಿ ಹಾಕಲು ಒಪ್ಪಲಿಲ್ಲ. ಕಾಗದ ತಂದವನನ್ನು ಕಟ್ಟೆಯ ಮೇಲೆ ಕೂರಿಸಿ, ಕೋಕಂ ಪಾನಕ ಕೊಟ್ಟು, ಸುಪ್ರಿಯಾಳಿಗೆ ಫೋನು ಮಾಡಿದರು. ಅವಳು ಬರುವ ಹೊತ್ತಿಗೆ ಊರೆಲ್ಲ ಸೇರಿತ್ತು. ಯಾರೂ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ನಿಲ್ಲಲು ನೆಲವಾದರೂ ಸಿಗುತ್ತಿತ್ತು.

"ಇವ್ರು ಸಹಿ ಮಾಡಿ ಅಂತಾರೆ," ಎಂದ ಹುಲಿಯಪ್ಪ. "ಓದು."

ಸುಪ್ರಿಯಾ ಓದಿದಳು. ಸದರಿ, ಮೇಲ್ಕಂಡ, ವಿಶ್ವಾಸಾರ್ಹವಲ್ಲದ, ತಿರಸ್ಕರಿಸಲಾಗಿದೆ. ಒಂದೊಂದನ್ನೂ ಬಿಡಿಸಿ ಹೇಳಿದಳು. ಮಂಜುನಾಥಪ್ಪ ಕಲಿಸಿದ ಹಾಗೆ, ಗಟ್ಟಿಯಾಗಿ, ಹಿಂದೆ ನಿಂತವರಿಗೂ ಕೇಳುವಂತೆ. ಮುಗಿಸಿದ ಮೇಲೆ, ಯಾರು ತಿರುಗಿ ಹೇಳುತ್ತೀರಿ ಎಂದು ಕೇಳಲು ಅವಳಿಂದ ಆಗಲಿಲ್ಲ.

ಗುತ್ಯಮ್ಮ ತಾನೇ ಎದ್ದಳು. ಸೆರಗು ಸರಿಮಾಡಿಕೊಂಡಳು.

"ಈ ಕಟ್ಟೆ ಮೇಲೆ ಸಭೆ ಆಗಿಲ್ಲ. ದುಗ್ಗಮ್ಮ ಬಂದಿಲ್ಲ. ಅವಳು ಏನೂ ಹೇಳಿಲ್ಲ, ನೀನು ಏನೂ ಬರೆದಿಲ್ಲ. ನಮ್ಮಜ್ಜ ಮಜ್ಜಿಗೆ ಕೊಟ್ಟಿಲ್ಲ." ಊರನ್ನೊಮ್ಮೆ ನೋಡಿದಳು. "ನಾವು ಇಲ್ಲಿ ಇರ್ಲೇ ಇಲ್ಲ."

ಕಾಗದ ತಂದವನು ಪಾನಕದ ಲೋಟ ಕೆಳಗಿಟ್ಟ.

"ಸರಿಯಾಗಿ ಹೇಳಿದ್ನಾ ಸುಪ್ರಿ?"

ಕಟ್ಟಳೆಯಂತೆ ಓದಿದವಳೇ ಉತ್ತರ ಕೊಡಬೇಕಿತ್ತು. ಊರು ಅವಳ ಬಾಯಿಯನ್ನೇ ನೋಡುತ್ತಿತ್ತು.

"ಸರಿ ಅತ್ತೆ," ಎಂದಳು ಸುಪ್ರಿಯಾ.

ಗುತ್ಯಮ್ಮ ಹೆಬ್ಬೆರಳನ್ನು ಮಸಿಗೆ ಒತ್ತಿದಳು.